ಮಿಲ್ಕಾಬಾಯಿಯವರ ನಿವೃತ್ತಿ

ಗಂಟೆ ಹೊಡೆಯುವ ಕೆಲಸಕ್ಕೆ ಸೇರಿದವನಿಗೆ ಎಡಗಾಲು ಕುಂಟು ಬರುತ್ತದೆ ಎಂಬುದನ್ನು ಅರ್ಜಿ ಕರೆಯುವಾಗಲೇ ಹೇಳಿಬಿಡಬೇಕು ಎಂದು ನಮ್ಮ ಚರ್ಚಿನ ಸಿಬ್ಬಂದಿ ಸಮಿತಿಯಲ್ಲಿ ಹಟ ಹಿಡಿದವಳು ನಾನೇ. ಮೊದಲೆಲ್ಲ ಹೇಳುತ್ತಿರಲಿಲ್ಲ. ನೇಮಕದ ಪತ್ರ ಕೈಗಿತ್ತು, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ, ಆಮೆನ್ ಅಂದಾದ ಮೇಲೆ ಅವನು ಕುಂಟುತ್ತ ಮೆಟ್ಟಿಲಿಳಿಯುವಾಗ "ಅದೊಂದು ಇರ್ತೈತಪಾ" ಅನ್ನುತ್ತಿದ್ದರು. ಇದು ನ್ಯಾಯವಲ್ಲ. ನಾನು ಬೇಕರಿ ನಡೆಸುವವಳು. ನಿನ್ನೆಯ ಬ್ರೆಡ್ಡನ್ನು ನಿನ್ನೆಯದೇ ಎಂದು ಹೇಳಿ ಮಾರುತ್ತೇನೆ.

ನಮ್ಮೂರ ಚರ್ಚಿನಲ್ಲಿ ಒಂದೊಂದು ಹುದ್ದೆಗೂ ಒಂದೊಂದು ಗುಣ ಅಂಟಿಕೊಂಡಿದೆ. ಆ ಕೆಲಸವನ್ನು ಮೊಟ್ಟಮೊದಲು ಮಾಡಿದವರ ಗುಣ ಅದು. ಮೊದಲ ಗಂಟೆಯವನು ಕುಂಟನಾಗಿದ್ದ. ಮೊದಲ ಖಜಾಂಚಿಗೆ ಬದನೆಕಾಯಿ ಕಂಡರಾಗುತ್ತಿರಲಿಲ್ಲ. ಮೊದಲು ಹಾರ್ಮೋನಿಯಂ ಪೇಟಿ ಬಾರಿಸಿದವರಿಗೆ ಸಿಹಿಯ ಹುಚ್ಚು. ಕೆಲಸಕ್ಕೆ ಸೇರಿದ ದಿನ ಗುಣ ಬರುತ್ತದೆ, ಬಿಟ್ಟ ದಿನ ಹೋಗುತ್ತದೆ. ರಜೆ ಹಾಕಿದರೆ ಅದಕ್ಕೂ ರಜೆ. ಈಗಿನ ಗಂಟೆಯವನಾದ ಸಮುವೇಲ ತನ್ನ ತಂಗಿಯ ಮದುವೆಗೆ ರಜೆ ಹಾಕಿ, ಮೆರವಣಿಗೆಯ ಉದ್ದಕ್ಕೂ ಕುಣಿದು, ಸೋಮವಾರ ಕುಂಟುತ್ತ ಕೆಲಸಕ್ಕೆ ಬಂದ. ದಿನಗೂಲಿಯ ಮೇಲೆ ತೆಗೆದುಕೊಂಡವರಿಗೆ ಅರ್ಧ ಕುಂಟು. ಹೆಣ್ಣು ಕೊಡುವವರು ನನ್ನ ಬೇಕರಿಗೆ ಬಂದು, ಒಂದು ಬನ್ನು ಕೊಂಡು, ಹುಡುಗನ ಹುದ್ದೆಗೆ ಏನು ಅಂಟಿದೆ ಎಂದು ಮೆಲ್ಲಗೆ ಕೇಳುತ್ತಾರೆ. ನಾನು ಹೇಳುತ್ತೇನೆ. ಮುಚ್ಚಿಡಲು ಅದೇನು ಕದ್ದ ಮಾಲೇ?

ಪಾದ್ರಿ ಹುದ್ದೆಗೆ ನಾಯಿಯ ಹೆದರಿಕೆ ಅಂಟಿದೆ. ಈಗಿನ ಅಯ್ಯನವರು ವರ್ಗವಾಗಿ ಬಂದಾಗ ಎರಡು ನಾಯಿಗಳನ್ನು ಮಕ್ಕಳಂತೆ ಎತ್ತಿಕೊಂಡು ಬಂದಿದ್ದರು. ಪ್ರತಿಷ್ಠಾಪನೆಯ ಆರಾಧನೆ ಮುಗಿದು ಹೊರಗೆ ಬಂದವರು ಅವನ್ನು ಕಂಡು ಕಂಪೌಂಡ್ ಗೋಡೆ ಹತ್ತಿದರು. ಆ ನಾಯಿಗಳು ಈಗ ನನ್ನ ಬೇಕರಿಯ ಹಿಂದೆ ಇವೆ. ಸಿಬ್ಬಂದಿ ಸಮಿತಿಯ ಕಾರ್ಯದರ್ಶಿಯ ಹುದ್ದೆಗೆ ಮೂಗಿನ ತುದಿಯ ಸಿಟ್ಟು ಅಂಟಿದೆ. ಕಾರ್ಯದರ್ಶಿಯನ್ನು ಆರಿಸುವ ಸಭೆಗೆ ನಾನು ಹೋಗಿರಲಿಲ್ಲ, ಹುದ್ದೆ ನನ್ನ ಪಾಲಿಗೇ ಬಂತು. ಬಾರದವರನ್ನೇ ಕಾರ್ಯದರ್ಶಿ ಮಾಡುವುದು ನಮ್ಮಲ್ಲಿ ರೂಢಿ. "ಸಲೋಮಿಗೆ ಹೊಸದಾಗಿ ಏನೂ ಬಂದಿಲ್ಲ, ಇದ್ದದ್ದಕ್ಕೆ ಆರ್ಡರ್ ಸಿಕ್ಕಿತು ಅಷ್ಟೇ" ಎಂದು ನನ್ನ ಗಂಡ ಎಲ್ಲರ ಮುಂದೆ ಹೇಳುತ್ತಾರೆ.

ಇಷ್ಟೆಲ್ಲದರ ಜೊತೆ ಊರು ಹೊಂದಿಕೊಂಡಿದೆ. ಹೊಂದಿಕೊಳ್ಳಲು ಆಗದೇ ಇದ್ದದ್ದು ಬೈಬಲಮ್ಮನ ಹುದ್ದೆಯೊಂದರ ಜೊತೆ.

ಬೈಬಲಮ್ಮ ಎಂದರೆ ಮನೆಮನೆಗೆ ಹೋಗಿ ಪ್ರಾರ್ಥನೆ ಮಾಡುವವಳು. ಕಾಯಿಲೆಯವರ ಹತ್ತಿರ ಕೂರುವುದು, ಬಾಣಂತಿಯರನ್ನು ನೋಡಿ ಬರುವುದು, ಸಾವಿನ ಮನೆಗೆ ಎಲ್ಲರಿಗಿಂತ ಮೊದಲು ಹೋಗಿ ಎಲ್ಲರಿಗಿಂತ ಕಡೆಗೆ ಹೊರಡುವುದು ಅವಳ ಕೆಲಸ. ಸಂಬಳ ಕಡಿಮೆ, ಇರುವುದಕ್ಕೆ ಚರ್ಚಿನ ಹಿಂದೆ ಎರಡು ಕೋಣೆಯ ಮನೆ. ಮೊದಲ ಬೈಬಲಮ್ಮನ ಹೆಸರು ಇವತ್ತು ಯಾರಿಗೂ ಗೊತ್ತಿಲ್ಲ. ಆಕೆಗೆ ಒಬ್ಬಳೇ ಮಗಳಿದ್ದಳು, ಅವಳು ಚಿಕ್ಕವಳಿರುವಾಗಲೇ ತೀರಿಕೊಂಡಳು ಎಂಬುದು ಮಾತ್ರ ಆ ಕೆಲಸಕ್ಕೆ ಸೇರಿದ ಪ್ರತಿಯೊಬ್ಬಳಿಗೂ ಸೇರಿದ ದಿನವೇ ಗೊತ್ತಾಗುತ್ತದೆ. ಮಗುವಿನ ಮುಖ ಕಾಣುವುದಿಲ್ಲ, ಹೆಸರು ಬರುವುದಿಲ್ಲ. ಮಗಳು ಹೋದ ದುಃಖವೊಂದು ಬರುತ್ತದೆ, ಇಡಿಯಾಗಿ ಬರುತ್ತದೆ.

ಮದುವೆಯಾಗದ ಹುಡುಗಿಯರು ಸೇರಿ, ಹೆರದ ಮಗಳಿಗಾಗಿ ಅತ್ತು, ಬಿಟ್ಟು ಹೋಗಿದ್ದಾರೆ. ಒಬ್ಬಳು ಬೆಳಿಗ್ಗೆ ಸೇರಿ ಊಟದ ಹೊತ್ತಿಗೆ ರಾಜೀನಾಮೆ ಕೊಟ್ಟಳು. ಅವಳಿಗೆ ಬೀಳ್ಕೊಡುಗೆ ಸಮಾರಂಭ ಮಾಡಬೇಕೋ ಬೇಡವೋ ಎಂದು ಸಮಿತಿ ಎರಡು ಸಲ ಸೇರಿ ಚರ್ಚಿಸಿತು. ದುಃಖ ಭತ್ಯೆ ಎಂದು ಒಂದು ಭತ್ಯೆ ಮಂಜೂರು ಮಾಡಿದರು, ಯಾರೂ ಅದಕ್ಕಾಗಿ ಬರಲಿಲ್ಲ. ಈಗಿರುವವರ ನಂತರ ಈ ಹುದ್ದೆಯನ್ನೇ ತೆಗೆದುಬಿಡೋಣ ಎಂದು ನಮ್ಮ ಹಿರಿಯರಾದ ಗಿದ್ಯೋನ ಮಾಸ್ತರರು ಒಮ್ಮೆ ಠರಾವು ತಂದರು. ಆ ವಾರವೇ ಅವರ ಮನೆಯಲ್ಲಿ ಸಾವಾಯಿತು. ಬೈಬಲಮ್ಮ ಹೋಗಿ ಅವರ ಹೆಂಡತಿಯ ಹತ್ತಿರ ಸುಮ್ಮನೆ ಕೂತಿದ್ದು ಬಂದಳು. ಮುಂದಿನ ಸಭೆಯಲ್ಲಿ ಮಾಸ್ತರರು ಕೆಮ್ಮಿ, ಠರಾವನ್ನು ಹಿಂದಕ್ಕೆ ತೆಗೆದುಕೊಂಡರು.

ಹಾಗೆ ಹೋಗಿ ಕೂತವರು ಮಿಲ್ಕಾಬಾಯಿ. ಅವರು ಅರ್ಜಿ ಹಾಕಿದ ಕಾಲಕ್ಕೆ ನಾನು ಸಮಿತಿಯಲ್ಲಿ ಇರಲಿಲ್ಲ, ಆದರೆ ಆ ಸಂದರ್ಶನದ ಕಥೆ ಊರಿಗೆಲ್ಲ ಗೊತ್ತು. ಅವರ ಸ್ವಂತ ಮಗಳು ಹೆಪ್ಸಿಬಾ ಒಂಬತ್ತು ವರ್ಷದವಳು, ಜ್ವರ ಬಂದು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಸಮಿತಿಯವರಿಗೆ ಗಲಿಬಿಲಿಯಾಯಿತು. ಇರುವುದೇ ಒಂದು, ಅದರ ಮೇಲೆ ಹುದ್ದೆಯದೂ ಒಂದು ಬಂದರೆ ಹೇಗೆ ತಡೆದುಕೊಳ್ಳುತ್ತೀರಿ ಎಂದು ಕೇಳಿದರು. "ಒಂದು ಹೊರೂ ತಲಿ ಎರಡೂ ಹೊರತೈತ್ರಿ," ಅಂದರಂತೆ ಮಿಲ್ಕಾಬಾಯಿ. ಹೊತ್ತರು ಕೂಡ. ನನ್ನ ತಲೆಗೂದಲು ಕಪ್ಪಿದ್ದಾಗ ಸೇರಿದವರು, ಅದು ಬೆಳ್ಳಗಾದರೂ ಬಿಟ್ಟು ಹೋಗಲಿಲ್ಲ. ನನ್ನ ಅವ್ವ ತೀರಿಕೊಂಡಾಗ ಬಂದು, ಸ್ವರ್ಗದ ಸುದ್ದಿ ಒಂದೂ ಎತ್ತದೆ, ಅಡುಗೆಮನೆಯಲ್ಲಿ ಬಾಡುತ್ತ ಬಿದ್ದಿದ್ದ ಮೆಂತೆಸೊಪ್ಪು ಸೋಸಿಟ್ಟು ಹೋದರು. ಆ ಸೊಪ್ಪು ನೋಡಿ ನಾನು ಅತ್ತದ್ದು, ಅಲ್ಲಿಯ ತನಕ ಅತ್ತಿರಲಿಲ್ಲ.

ಅವರಿಗೆ ಅರವತ್ತು ತುಂಬುವ ತಿಂಗಳು ಬಂತು. ನಮ್ಮಲ್ಲಿ ಅರವತ್ತಕ್ಕೆ ನಿವೃತ್ತಿ. ಒಂದು ಮಧ್ಯಾಹ್ನ ಅವರು ಬೇಕರಿಗೆ ಬಂದು, ಗಿರಾಕಿಗಳೆಲ್ಲ ಹೋಗುವವರೆಗೂ ಬೆಂಚಿನ ಮೇಲೆ ಕೂತಿದ್ದು, ಆಮೇಲೆ ಮಾತು ತೆಗೆದರು.

"ಸಲೋಮಿ, ನನಗ ರಿಟಾಯರ್ ಮಾಡಬ್ಯಾಡ."

ಮನೆಯ ಚಿಂತೆ ಇರಬೇಕು ಅಂದುಕೊಂಡೆ. "ಬೇಕರಿ ಮ್ಯಾಲಿನ ಖೋಲಿ ಖಾಲಿ ಐತ್ರಿ ಅಮ್ಮಾರ. ಬಾಡಿಗಿ ಕೇಳಿದ್ರ ನನ್ನ ಹೆಸರು ಸಲೋಮಿ ಅಲ್ಲ," ಅಂದೆ.

"ಮನಿ ಮಾತಲ್ಲವ್ವಾ. ಜಯಾನಂದ ಮಾಸ್ತರರ್ನ ನೋಡೀಯಲ್ಲ?"

ಜಯಾನಂದ ಮಾಸ್ತರರು ಚರ್ಚಿನಲ್ಲಿ ಪೇಟಿ ಬಾರಿಸುತ್ತಿದ್ದವರು. ಪೇಟಿ ಹುದ್ದೆಗೆ ಸಿಹಿಯ ಹುಚ್ಚು ಅಂಟಿರುವುದು ನಿಜವೇ, ಆದರೆ ಅವರಿಗೆ ಅದು ಹುಟ್ಟಿನಿಂದಲೇ ಇತ್ತು. ಸಣ್ಣ ಹುಡುಗನಿದ್ದಾಗಲೇ ನಮ್ಮಪ್ಪನ ಅಂಗಡಿಯಲ್ಲಿ ಬೆಲ್ಲ ಕದ್ದು ಸಿಕ್ಕಿಬಿದ್ದವರು. ನಿವೃತ್ತಿಯಾದ ದಿನ ಹುದ್ದೆಯದು ಹೋಗುವಾಗ ಅವರದನ್ನೂ ಎಳೆದುಕೊಂಡು ಹೋಯಿತು. ಈಗ ಚಹಾಕ್ಕೂ ಸಕ್ಕರೆ ಹಾಕಿಕೊಳ್ಳುವುದಿಲ್ಲ. ನಮ್ಮ ಬೆಣ್ಣೆ ಬಿಸ್ಕತ್ತನ್ನು ಕೈಯಲ್ಲಿ ಹಿಡಿದು, ಇದನ್ನು ಯಾಕೆ ತಿನ್ನುತ್ತಿದ್ದೆ ಎಂದು ನೋಡುತ್ತಾರೆ. ಯಾವುದು ಹುದ್ದೆಯದು, ಯಾವುದು ಮನುಷ್ಯನದು ಎಂದು ಬೇರೆ ಮಾಡಿ ಕೊಡುವ ವ್ಯವಸ್ಥೆ ನಮ್ಮಲ್ಲಿ ಇಲ್ಲ.

"ಇಷ್ಟ್ ವರ್ಷದಾಗ ಎರಡೂ ಕೂಡಿಬಿಟ್ಟಾವು," ಅಂದರು ಮಿಲ್ಕಾಬಾಯಿ. "ಅದು ಹೋಗುವಾಗ ನನ್ನದನ್ನೂ ಒಯ್ತೈತಿ. ಹೆಪ್ಸಿ ಸಲುವಾಗಿ ನನ್ನ ಹತ್ರ ಉಳದದ್ದು ಅದೊಂದ. ಅದೂ ಹೋದ್ರ ನಾ ಆಕಿಗೆ ಏನಾಗಬೇಕು ಹೇಳು?"

ಸಮಿತಿಯಲ್ಲಿ ನೋಡುತ್ತೇನೆ ಅಂದೆ. ಆದರೆ ಆ ಹುದ್ದೆಯನ್ನು ಇನ್ನೊಬ್ಬಳಿಗೆ ಕೊಡುವುದಾಗಿ ನಾನು ಆಗಲೇ ಮಾತು ಕೊಟ್ಟಾಗಿತ್ತು.

ಅವಳ ಹೆಸರು ಯೂನಿಸ್. ಗಂಡ ತೀರಿಕೊಂಡ ಮೇಲೆ ಮೈದುನರು ಮನೆಯಿಂದ ಹೊರಗೆ ಹಾಕಿದ್ದರು. ಒಂದು ಟ್ರಂಕು, ಒಂದು ಹಾಸಿಗೆಯ ಸುರುಳಿ ಇಟ್ಟುಕೊಂಡು, ಸ್ತ್ರೀಯರ ಸಂಘದ ಸಭಾಂಗಣದ ಹೊರಗಿನ ಕಟ್ಟೆಯ ಮೇಲೆ ಇರುತ್ತಿದ್ದಳು. ಹುದ್ದೆಗೆ ಏನು ಅಂಟಿದೆ ಎಂದು ನಾನು ಒಂದೂ ಬಿಡದೆ ಹೇಳಿದ್ದೆ. "ಇರ್ಲಿ ಬಿಡ್ರೀ ಅಕ್ಕಾರ. ಮನಿ ಒಳಗ ಕುಂತು ಅಳಬಹುದಲ್ಲ?" ಅಂದಿದ್ದಳು. ಮಿಲ್ಕಾಬಾಯಿಯವರ ನಂತರ ಅಷ್ಟು ವರ್ಷಗಳಲ್ಲಿ ಆ ಕೆಲಸಕ್ಕೆ ಒಪ್ಪಿ ಬಂದವಳು ಅವಳೊಬ್ಬಳೇ.

ಸಮಿತಿ ಸೇರಿತು. ಮಿಲ್ಕಾಬಾಯಿಯವರ ಸೇವೆಯನ್ನು ಒಂದು ವರ್ಷ ಮುಂದುವರಿಸಬೇಕು ಎಂದು ನಾನು ಠರಾವು ಮಂಡಿಸಿದೆ. ಗಿದ್ಯೋನ ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಕನ್ನಡಕ ತೆಗೆದರೆಂದರೆ ವಿರೋಧ ಎಂದೇ ಅರ್ಥ.

"ಹೋದ ವರ್ಷ ಹಾಸ್ಟೆಲ್ಲಿನ ವಾರ್ಡನ್ ಕೇಳಿದಾಗ ಇಲ್ಲ ಅಂದ್ವಿ. ಆಕಿಗೊಂದು, ಅವಂಗೊಂದು ಮಾಡಾಕ ಬರಂಗಿಲ್ಲ," ಅಂದರು.

ವಾರ್ಡನ್ ಹುದ್ದೆಗೆ ಗಾಢ ನಿದ್ದೆ ಅಂಟಿದೆ. ಹುಡುಗರು ಹಾಸ್ಟೆಲ್ಲಿಗೆ ಸೇರಲು ಯಾಕೆ ಮುಗಿಬೀಳುತ್ತಾರೆ ಎಂಬುದು ಅಯ್ಯನವರಿಗೆ ಇನ್ನೂ ತಿಳಿದಿಲ್ಲ. ನಿವೃತ್ತನಾದ ವಾರ್ಡನ್ ಆವತ್ತಿನಿಂದ ಕಣ್ಣು ಮುಚ್ಚಿಲ್ಲ, ಊರೆಲ್ಲ ತಿರುಗುತ್ತಾನೆ. ಮಾಸ್ತರರ ಮಾತಿನಲ್ಲಿ ನ್ಯಾಯವಿತ್ತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಅಯ್ಯನವರು ಸಮಾಧಾನದ ದನಿಯಲ್ಲಿ, "ಸಲೋಮಕ್ಕಾರ, ನೀವು ಉಲ್ಟಾ ವಿಚಾರ ಮಾಡಾಕತ್ತೀರಿ. ಪಾಪ, ಇಷ್ಟ್ ವರ್ಷ ಅತ್ತಾರ. ಇನ್ನಾದ್ರೂ ಅಳೂದು ತಪ್ಪತೈತಿ. ಇದಕ್ಕಿಂತ ದೊಡ್ಡ ಪಿಂಚಣಿ ಯಾವ ಚರ್ಚಿನ್ಯಾಗ ಕೊಡ್ತಾರ?" ಅಂದರು. ಸುತ್ತ ಕೂತವರು ತಲೆದೂಗಿದರು. ಒಬ್ಬರು ಆಮೆನ್ ಕೂಡ ಅಂದರು.

"ಅಯ್ಯನವರ, ನಿಮ್ಮ ನಾಯಿ ನನ್ನ ಹತ್ರ ಅದಾವು," ಅಂದೆ.

"ಅದಾವು. ನಿಮ್ಮ ಉಪಕಾರ."

"ಅವನ್ನ ನೆನಸಿಕೊಂಡ್ರ ಈಗ ಹೆಂಗಾಕ್ಕೈತಿ?"

"ಅಂಜಿಕಿ ಬರ್ತೈತಿ."

"ಮೊದಲ ಏನ್ ಬರ್ತಿತ್ತು?"

ಅಯ್ಯನವರು ಮೇಜಿನ ಮೇಲಿದ್ದ ನೀರಿನ ಲೋಟವನ್ನು ಆ ಕಡೆಯಿಂದ ಈ ಕಡೆಗೆ ಇಟ್ಟರು. ನಡುರಾತ್ರಿ ಆ ನಾಯಿಗಳು ಬೊಗಳಿದರೆ ಅವರ ಮನೆಯ ದೀಪ ಹತ್ತುತ್ತದೆ ಎಂಬುದು ನನಗೆ ಗೊತ್ತಿತ್ತು. ಹೆದರಿಕೆಗೋ ಇನ್ನೊಂದಕ್ಕೋ ಕೇಳಿರಲಿಲ್ಲ. ಕಡೆಗೆ, "ಠರಾವಿಗೆ ನನ್ನ ಒಪ್ಪಿಗಿ ಐತಿ," ಅಂದರು. ಅಯ್ಯನವರು ಕೈ ಎತ್ತಿದ್ದು ಕಂಡು ಉಳಿದವರೂ ಎತ್ತಿದರು. ಮಾಸ್ತರರು ಕನ್ನಡಕ ಹಾಕಿಕೊಂಡರು.

ಗೆದ್ದೆನೆಂಬ ಹುಮ್ಮಸ್ಸಿನಲ್ಲಿ ಹೊರಗೆ ಬಂದರೆ ಎದುರಿಗೇ ಆ ಕಟ್ಟೆ, ಕಟ್ಟೆಯ ಮೇಲೆ ಯೂನಿಸ್. ಮಿಲ್ಕಾಬಾಯಿಯವರಿಗೆ ಒಳ್ಳೆಯ ಸುದ್ದಿ ಹೇಳುವ ಮೊದಲು ಕೆಟ್ಟದ್ದನ್ನು ಹೇಳಿ ಮುಗಿಸೋಣ ಎಂದು ಅವಳ ಹತ್ತಿರ ಹೋಗಿ, ಇನ್ನೊಂದು ವರ್ಷ ಆ ಹುದ್ದೆ ಖಾಲಿಯಾಗುವುದಿಲ್ಲ ಅಂದೆ. ಅವಳು ಬೈಯುತ್ತಾಳೆ, ಬೈದರೆ ನಾನೂ ಎರಡು ಮಾತಾಡಿ ಹಗುರಾಗಬಹುದು ಅಂದುಕೊಂಡಿದ್ದೆ. ಅವಳು "ಹೌದೇನ್ರೀ" ಅಂದು, ಬಿಸಿಲಿಗೆ ಹಾಕಿದ್ದ ಹಾಸಿಗೆಯನ್ನು ಸುತ್ತತೊಡಗಿದಳು. ಎಲ್ಲಿಗೆ ಹೋಗುತ್ತೀ ಅಂದರೆ, ನೋಡಬೇಕ್ರೀ ಅಂದಳು. ನನ್ನ ಮೇಲಿನ ಕೋಣೆಗೆ ಬಾ ಅಂದರೆ, ದುಡಿಮೆ ಇಲ್ಲದೆ ಇನ್ನೊಬ್ಬರ ಋಣದಲ್ಲಿ ಇರಲಾರೆ ಅಂದಳು. ನಾನು ಹಿಂತಿರುಗಿದಾಗ ಬಾವಿಯ ಹತ್ತಿರ ಮಿಲ್ಕಾಬಾಯಿ ಕೊಡ ಹಿಡಿದು ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಆಕಿ ನನ್ನ ಜಾಗಕ್ಕ ಬರಾಕಿ ಇದ್ಲೇನು?"

"ಹೌದ್ರೀ. ಆದ್ರ ನಿಮ್ಮದು ಒಂದ್ ವರ್ಷ ಮುಂದ ಹೋಗೇತಿ. ಪಾಸಾತು," ಅಂದೆ.

ಅವರು ಕೊಡ ಕೆಳಗಿಟ್ಟರು. ಯೂನಿಸ್ ಹಾಸಿಗೆಗೆ ಹಗ್ಗ ಬಿಗಿಯುವುದನ್ನೇ ನೋಡುತ್ತ ನಿಂತರು. ಹಗ್ಗ ಸಾಲದೆ ಅವಳು ಮತ್ತೆ ಬಿಚ್ಚಿ ಸುತ್ತುತ್ತಿದ್ದಳು.

"ಒಂದ್ ವರ್ಷ ಆದಮ್ಯಾಲೆ?" ಅಂದರು.

"ಮತ್ತ ಕೇಳೂಣು."

"ಆವಾಗೂ ಯಾರರ ಒಬ್ರು ಈ ಕಟ್ಟಿ ಮ್ಯಾಲ ಇರ್ತಾರ. ಬ್ಯಾಡ ಸಲೋಮಿ. ಇಕಿ ಹೊರಗ ಮಲಗೂದು ನೋಡಿ ನಾ ಒಳಗ ಹೆಂಗ ಮಲಗ್ಲಿ? ಹೆಪ್ಸಿ ಇದ್ದಿದ್ರ ಇಕಿ ವಯಸ್ಸಿನಾಕಿನ ಆಗ್ತಿದ್ಲು." ಆಮೇಲೆ ನನ್ನ ಕಡೆ ನೋಡದೆ, "ನಿನ್ನ ಖೋಲಿ ಇನ್ನೂ ಖಾಲಿ ಐತೇನು?" ಎಂದು ಕೇಳಿದರು.

ನಾನು ಬೈದೆ. ಸಮಿತಿಯ ಮುಂದೆ ಬಾಯಿ ನೋಯಿಸಿಕೊಂಡವಳು ನಾನು, ನಿಮ್ಮ ದೊಡ್ಡ ಮನಸ್ಸು ಕಟ್ಟಿಕೊಂಡು ಏನು ಮಾಡಲಿ ಅಂದೆ. ಬೈಯುತ್ತ ಬೈಯುತ್ತ ನನಗೇ ಅಳು ಬಂತು. ಅವರು ಕೊಡ ಎತ್ತಿಕೊಂಡು ಹೋದರು.

ಭಾನುವಾರ ಆರಾಧನೆ ಮುಗಿದ ಮೇಲೆ ಬಿಡುಗಡೆಯ ಕ್ರಮ ನಡೆಯಿತು. ನಮ್ಮಲ್ಲಿ ಹೋಗುವವರು ಬರುವವರ ತಲೆಯ ಮೇಲೆ ಕೈಯಿಡಬೇಕು. ಯೂನಿಸ್ ಮೊಣಕಾಲೂರಿದಳು. ಮಿಲ್ಕಾಬಾಯಿ ಕೈಯಿಟ್ಟರು, ಅಯ್ಯನವರು ಪ್ರಾರ್ಥನೆ ಮಾಡಿದರು. ಎಂದಿಗಿಂತ ಉದ್ದದ ಪ್ರಾರ್ಥನೆ. ಮುಗಿಸಲು ಅವರಿಗೂ ಮನಸ್ಸಿರಲಿಲ್ಲವೋ ಏನೋ. ಆಮೆನ್ ಅಂದಾಗ ಯೂನಿಸ್ ಹೊಟ್ಟೆ ಹಿಡಿದುಕೊಂಡು ಮುಂದಕ್ಕೆ ಬಾಗಿದಳು. ಮಿಲ್ಕಾಬಾಯಿ ನೆಟ್ಟಗೆ ನಿಂತು, ಕುಡಿಯಲು ನೀರು ಕೇಳಿದರು. ಬೀಳ್ಕೊಡುಗೆಯ ಊಟದಲ್ಲಿ ಎರಡು ಸಲ ಪಾಯಸ ಹಾಕಿಸಿಕೊಂಡರು. ಹೇಗನ್ನಿಸುತ್ತದೆ ಎಂದು ಯಾರೋ ಕೇಳಿದ್ದಕ್ಕೆ, "ಹಗರ ಅನಸ್ತೈತ್ರಿ," ಅಂದರು. ಇದನ್ನು ಕೇಳಿ ಎಲ್ಲರಿಗೂ ಸಂತೋಷವಾಯಿತು. ಗಿದ್ಯೋನ ಮಾಸ್ತರರು ಒಂದು ಶಾಲು ಹೊದಿಸಿದರು.

ಸಂಜೆ ಮೇಲಿನ ಕೋಣೆಗೆ ಚಹಾ ತೆಗೆದುಕೊಂಡು ಹೋದೆ. ಕೇಳಬಾರದು ಎಂದುಕೊಂಡೇ ಮೆಟ್ಟಿಲು ಹತ್ತಿದವಳು ಕೇಳಿಯೇಬಿಟ್ಟೆ.

"ಅಮ್ಮಾರ, ಹೆಪ್ಸಿ?"

"ಹೆಪ್ಸಿ ನನ್ನ ಮಗಳು. ಒಂಬತ್ತು ವರ್ಷದಾಕಿ. ಜ್ವರ ಬಂದು ಹೋದ್ಲು," ಅಂದರು, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದವರಿಗೆ ಹೇಳುವ ಹಾಗೆ. ಚಹಾ ಕುಡಿದು ಲೋಟ ಕೆಳಗಿಟ್ಟರು. "ಎಲ್ಲಾ ನೆನಪೈತಿ ಸಲೋಮಿ. ಆಕಿ ಕಡೀ ದಿನ ಏನ್ ಕೇಳಿದ್ಲು ಅದೂ ನೆನಪೈತಿ. ಮಧ್ಯಾಹ್ನದಿಂದ ಒಂದೊಂದ ನೆನಸಿಕೋತ ಕುಂತೀನಿ. ಏನೂ ಆಗವಲ್ದು."

ಕಿತ್ತ ಹಲ್ಲಿನ ಜಾಗಕ್ಕೆ ನಾಲಗೆ ಹೋಗಿ ಹೋಗಿ ಬರುವಂತೆ ಅವರು ಆ ವಾರವೆಲ್ಲ ಹಾಗೇ ಕೂತಿದ್ದರು. ಊಟ ಸರಿಯಾಗಿ ಮಾಡುತ್ತಿದ್ದರು, ನಿದ್ದೆ ಸರಿಯಾಗಿ ಮಾಡುತ್ತಿದ್ದರು, ನಾಯಿಗಳಿಗೆ ಬ್ರೆಡ್ಡಿನ ತುಂಡು ಹಾಕುತ್ತಿದ್ದರು. ನೋಡಿದವರೆಲ್ಲ ಮುಖದ ಮೇಲೆ ಎಂಥ ಕಳೆ ಬಂದಿದೆ ಅನ್ನುತ್ತಿದ್ದರು. ನನಗೆ ಮಾತ್ರ ಆ ಮುಖವನ್ನು ನೋಡಲಾಗುತ್ತಿರಲಿಲ್ಲ. ನಿವೃತ್ತಿಯ ಪತ್ರವನ್ನು ಅವರ ಕೈಗೆ ಕೊಟ್ಟವಳು ನಾನು. ಯೂನಿಸ್‌ಗೆ ಮನೆ ಕೊಡಿಸಿದವಳೂ ನಾನೇ. ಎರಡರಲ್ಲಿ ಯಾವುದಕ್ಕೆ ಸಂಕಟಪಡಬೇಕು, ಯಾವುದಕ್ಕೆ ಸಮಾಧಾನ ಎಂದು ತಿಳಿಯದೆ ಗಿರಾಕಿಗಳ ಮೇಲೆ ಹರಿಹಾಯುತ್ತಿದ್ದೆ.

ಒಂದು ದಿನ ಹಿಟ್ಟು ನಾದುತ್ತಿರುವಾಗ ಯೂನಿಸ್ ಬಂದಳು. ಕಣ್ಣು ಊದಿದ್ದವು. ಇವಳೂ ರಾಜೀನಾಮೆಗೆ ಬಂದಳು ಅಂದುಕೊಂಡೆ. ಅವಳು ನನ್ನನ್ನು ಕೇಳಲಿಲ್ಲ, ಅಮ್ಮಾರು ಎಲ್ಲಿ ಅಂದಳು. ಮೇಲಕ್ಕೆ ಕರೆದುಕೊಂಡು ಹೋದೆ. ಮಿಲ್ಕಾಬಾಯಿ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ಅವಳು ಅವರ ಮುಂದೆ ನೆಲದ ಮೇಲೆ ಕೂತಳು.

"ಅಮ್ಮಾರ, ಅಕ್ಕಾರು ನನಗ ಒಂದ ಬರ್ತೈತಿ ಅಂದಿದ್ರು. ಎರಡ ಬಂದಾವ್ರಿ."

ಮಿಲ್ಕಾಬಾಯಿ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಜಯಾನಂದ ಮಾಸ್ತರರಿಂದ ಹೋದದ್ದು ಎಲ್ಲಿಗೆ ಹೋಯಿತು ಎಂದು ನಾವು ಯಾರೂ ಕೇಳಿರಲಿಲ್ಲ. ಹೊಸ ಪೇಟಿಯವನು ಇಬ್ಬರ ಪಾಲಿನ ಸಿಹಿ ತಿಂದು ಸಕ್ಕರೆ ಕಾಯಿಲೆ ಹತ್ತಿಸಿಕೊಂಡದ್ದು ಮಾತ್ರ ಎಲ್ಲರಿಗೂ ಗೊತ್ತಿತ್ತು.

"ಒಂದು ಹಳೇದು ಐತಿ, ಅದಕ್ಕ ಮುಖಾ ಇಲ್ಲ, ಅದನ್ನ ಹೆಂಗೋ ತಡಕೊಂತೀನಿ," ಅಂದಳು ಯೂನಿಸ್. "ಇನ್ನೊಂದು ಹಸೀದು. ಮಂದಿ ಮನ್ಯಾಗ ಪ್ರಾರ್ಥನಿ ಮಾಡುವಾಗ ಎದ್ದು ಬರ್ತೈತಿ. ಯಾರ ಸಲುವಾಗಿ ಅಳಾಕತ್ತೀನಿ ನನಗ ಗೊತ್ತಿಲ್ರಿ. ನೀವು ಬಲ್ಲಿರೇನು? ಹೆಸರಾದ್ರೂ ಹೇಳ್ರಿ."

"ಹೆಪ್ಸಿಬಾ," ಅಂದರು ಮಿಲ್ಕಾಬಾಯಿ. "ಹೆಪ್ಸಿ ಅಂತ ಕರೀತಿದ್ವಿ."

ಹೆಸರು ಕೇಳಿದ್ದೇ ತಡ, ಯೂನಿಸ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮಿಲ್ಕಾಬಾಯಿ ಕುರ್ಚಿಯಲ್ಲಿ ಮುಂದಕ್ಕೆ ಬಂದರು. ಅವಳ ಮುಖವನ್ನೇ ನೋಡುತ್ತ, ಒಂದೊಂದಾಗಿ ಹೇಳತೊಡಗಿದರು. ಕಾಲು ತೊಳೆಯದೆಯೇ ತೊಳೆದೆ ಎಂದು ಸುಳ್ಳು ಹೇಳಿ ಹಾಸಿಗೆ ಹತ್ತುತ್ತಿದ್ದಳು. ಬ್ರೆಡ್ಡಿನ ಅಂಚು ಮಾತ್ರ ತಿಂದು, ಮೆತ್ತಗಿನದನ್ನು ಅಪ್ಪನ ತಟ್ಟೆಗೆ ಹಾಕುತ್ತಿದ್ದಳು. ಕ್ರಿಸ್ಮಸ್ ನಾಟಕದಲ್ಲಿ ಕುರಿಯ ಪಾತ್ರ ಕೊಟ್ಟರೆ, ಕುರಿಗೂ ಮಾತು ಇರಬೇಕು ಎಂದು ಜಗಳ ಮಾಡಿದಳು. ಕಡೆಯ ದಿನ ಜ್ವರದಲ್ಲಿ, ನಾಳೆ ಶಾಲೆಗೆ ಹೋಗದಿದ್ದರೆ ಟೀಚರ್ ಬೈಯುತ್ತಾರೇನು ಎಂದು ಕೇಳಿದಳು. ಕುರಿಯ ಮಾತಿಗೆ ಯೂನಿಸ್ ನಕ್ಕಳು, ಟೀಚರ ಮಾತಿಗೆ ಬಿಕ್ಕಿದಳು. ಹೇಳುವವರ ಕಣ್ಣು ಒಣಗಿಯೇ ಇತ್ತು.

ಮಿಲ್ಕಾಬಾಯಿ ಕೈ ಚಾಚಿ ಅವಳ ಕೆನ್ನೆ ಒರೆಸಿದರು. ಒದ್ದೆಯಾದ ಬೆರಳುಗಳನ್ನು ಸ್ವಲ್ಪ ಹೊತ್ತು ನೋಡಿದರು.

"ಸಾಕ್ ಮಾಡ್ಲೇನು?" ಎಂದು ಕೇಳಿದರು.

"ಬ್ಯಾಡ್ರಿ. ಇನ್ನೂ ಹೇಳ್ರಿ."

"ಹಂಗಾದ್ರ ಹೇಳ್ತೀನಿ. ನನ್ನ ಪಾಲಿಂದೂ ನೀನ ಅಳವ್ವಾ," ಅಂದು ಮಿಲ್ಕಾಬಾಯಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಹೆಪ್ಸಿ ಹುಟ್ಟಿದ ಬೆಳಗಿನಿಂದ ಶುರು ಮಾಡಿದರು.